ಗ್ಯಾಸ್ ಶೆಡ್ಡಿನ ಎರಡು ವರ್ಷ

ನನ್ನನ್ನು ನೋಡಲು ಮೊದಲ ಸಲ ಗಂಡಿನ ಕಡೆಯವರು ಬಂದಾಗ, ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಗುತ್ತಾ ಬಂದಿತ್ತು. ಎಂಬತ್ತರ ದಶಕದ ಮೊದಲ ಭಾಗ ಅದು. ನಮ್ಮ ಮನೆ ದಾಸರಹಳ್ಳಿಯಲ್ಲಿ, ತುಮಕೂರು ರಸ್ತೆಯಿಂದ ತುಸು ಒಳಗೆ. ಅಪ್ಪ ಒಂದು ಯಂತ್ರಗಳ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಈ ಕೆಲಸ ಹುಡುಕಿಕೊಟ್ಟವರೂ ಅವರೇ.

ಅವತ್ತು ಬೆಳಿಗ್ಗೆ ಅಮ್ಮ ನಿಂಬೆಹಣ್ಣಿನ ಹೋಳಿನಿಂದ ನನ್ನ ಉಗುರುಗಳನ್ನು ತಿಕ್ಕಿ ತಿಕ್ಕಿ ಸೋತಿದ್ದಳು. ಕಾರ್ಬನ್ ಪುಡಿಯ ಕಪ್ಪು ಉಗುರಿನ ಸಂದಿಗೆ ಹೋದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. "ಕೈ ಮುಂದೆ ಇಟ್ಕೋಬೇಡ, ಸೆರಗಿನಲ್ಲಿ ಇಟ್ಕೊ," ಎಂದು ಹೇಳಿಕೊಟ್ಟಳು.

ಬಂದವರು ಮೂವರು. ಹುಡುಗ, ಅವನ ತಂದೆ, ತಾಯಿ. ತಂದೆ ತುಮಕೂರಿನಲ್ಲಿ ಹೈಸ್ಕೂಲು ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು. ಹುಡುಗ ಎಂಜಿನಿಯರು, ವಿದ್ಯುತ್ ಇಲಾಖೆಯಲ್ಲಿ ಕೆಲಸ, ಸದ್ಯಕ್ಕೆ ಯಶವಂತಪುರದ ಹತ್ತಿರ ರೂಮು ಮಾಡಿಕೊಂಡಿದ್ದಾನೆ ಎಂದು ಅಪ್ಪ ಮೊದಲೇ ಹೇಳಿದ್ದರು. ಕಾಫಿ ಕುಡಿದಾದ ಮೇಲೆ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು.

"ಪೀಣ್ಯದಲ್ಲಿ ಏನ್ ಕೆಲಸ ಮಾಡ್ತೀಯಮ್ಮ?"

"ಕರೆಂಟ್ ಕೊಡೋ ಸೆಲ್ ಮಾಡ್ತೀವಿ ಸರ್."

"ಟಾರ್ಚಿಗೆ ಹಾಕೋ ಸೆಲ್ಲಾ?"

"ಅಲ್ಲ. ಅದು ಮುಗಿದುಹೋದ್ರೆ ಬಿಸಾಕ್ಬೇಕು. ನಮ್ಮದಕ್ಕೆ ಹೊರಗಡೆಯಿಂದ ಗ್ಯಾಸ್ ಕೊಡ್ತಾ ಇರ್ಬೇಕು. ಕೊಡೋವರೆಗೂ ಕರೆಂಟ್ ಬರ್ತಾನೇ ಇರುತ್ತೆ."

"ಅಂದ್ರೆ ಗ್ಯಾಸ್ ಉರಿಸ್ತೀರಿ."

"ಉರಿಸಲ್ಲ ಸರ್. ಆ ಶೆಡ್ಡಿನ ಹತ್ರ ಬೆಂಕಿ ತರೋ ಹಾಗೇ ಇಲ್ಲ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾಕು ಎಂಬಂತೆ ಕಣ್ಣು ಮಾಡಿದಳು. ಅಷ್ಟರವರೆಗೂ ನೆಲ ನೋಡುತ್ತಾ ಕೂತಿದ್ದ ಹುಡುಗ ತಲೆ ಎತ್ತಿದ.

"ಯಾವ ಗ್ಯಾಸು? ಹೈಡ್ರೋಜನ್ನಾ?" ಎಂದು ಕೇಳಿದ.

"ಹೌದು."

"ಲೋಡ್ ಹಾಕಿದ ಮೇಲೆ ಎಷ್ಟು ವೋಲ್ಟ್ ನಿಲ್ಲುತ್ತೆ?"

"ಒಂದು ಸೆಲ್ಲಿಗೆ ಮುಕ್ಕಾಲು ವೋಲ್ಟಿನ ಹತ್ರ. ಆದ್ರೆ ಜಾಸ್ತಿ ಹೊತ್ತು ನಿಲ್ಲಲ್ಲ."

"ಯಾಕೆ?"

"ಅದೇ ಗೊತ್ತಾಗ್ತಾ ಇಲ್ಲ."

ಆ ಸಂಜೆ ನಾವಿಬ್ಬರೂ ಆಡಿದ ಮಾತು ಇಷ್ಟೇ. ಹಾಡು ಬರುತ್ತದೆಯೇ ಎಂದು ಅವರ ತಾಯಿ ಕೇಳಿದರು, ಬರುವುದಿಲ್ಲ ಎಂದೆ. ತಿಳಿಸುತ್ತೇವೆ ಎಂದು ಹೇಳಿ ಹೊರಟರು.

ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಮುಖ್ಯವಾಗಿ ತಯಾರಾಗುತ್ತಿದ್ದದ್ದು ಬ್ಯಾಟರಿ ಚಾರ್ಜರುಗಳು. ಲಾರಿ ಮತ್ತು ಬಸ್ಸಿನ ಬ್ಯಾಟರಿ ರಿಪೇರಿ ಮಾಡುವ ಅಂಗಡಿಗಳವರು ಅವನ್ನು ಕೊಳ್ಳುತ್ತಿದ್ದರು. ಮಾಲೀಕರು ಮೊದಲು ಒಂದು ಸರ್ಕಾರಿ ಸಂಶೋಧನಾಲಯದಲ್ಲಿದ್ದವರು. ಅಲ್ಲಿ ಬೇಸರವಾಗಿ ಕೆಲಸ ಬಿಟ್ಟು ಪೀಣ್ಯದಲ್ಲಿ ಜಾಗ ತೆಗೆದುಕೊಂಡಿದ್ದರು. ಬಾಹ್ಯಾಕಾಶ ನೌಕೆಗಳಲ್ಲಿ ಬಳಸುವ ಇಂಧನ ಕೋಶಗಳ, ಅಂದರೆ ಫ್ಯೂಯೆಲ್ ಸೆಲ್ಲುಗಳ ಬಗ್ಗೆ ಸಂಶೋಧನಾಲಯದಲ್ಲಿದ್ದಾಗಲೇ ಓದಿ, ಅದೊಂದನ್ನು ತಾವೇ ಮಾಡಬೇಕೆಂಬ ಆಸೆ ಅವರಿಗೆ ಹತ್ತಿಕೊಂಡಿತ್ತು. ಮಳೆ ಸರಿಯಾಗಿ ಬಾರದೆ ಜಲಾಶಯಗಳು ಇಳಿದ ವರ್ಷ ಪೀಣ್ಯದಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವಂತಿರಲಿಲ್ಲ. ಲೇತುಗಳು ಅರ್ಧಕ್ಕೆ ನಿಂತು, ಕೆಲಸದವರು ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಆ ವರ್ಷವೇ ಅವರು ಹಿತ್ತಲಿನಲ್ಲಿ ಆಸ್ಬೆಸ್ಟಾಸ್ ಹೊದಿಸಿದ ಒಂದು ಶೆಡ್ಡು ಕಟ್ಟಿಸಿ, ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಹೈಡ್ರೋಜನ್ ಸಿಲಿಂಡರುಗಳು ಅದರ ಹೊರಗೋಡೆಗೆ ಸರಪಳಿ ಕಟ್ಟಿಸಿಕೊಂಡು ನಿಂತಿರುತ್ತಿದ್ದವು. ಹಾಗಾಗಿ ಎಲ್ಲರೂ ಅದನ್ನು ಗ್ಯಾಸ್ ಶೆಡ್ಡು ಎನ್ನುತ್ತಿದ್ದರು.

ಇಂಧನ ಕೋಶ ನೋಡುವುದಕ್ಕೆ ಏನೂ ಅಲ್ಲ. ಅಂಗೈಯಗಲದ ಎರಡು ತೆಳ್ಳನೆಯ ಕಪ್ಪು ಹಾಳೆಗಳು, ಅವುಗಳ ನಡುವೆ ಕಿರಿದಾದ ಜಾಗ, ಆ ಜಾಗದ ತುಂಬ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣ. ಒಂದು ಹಾಳೆಯ ಹೊರಬದಿಗೆ ಹೈಡ್ರೋಜನ್ ಬಿಡುತ್ತೇವೆ, ಇನ್ನೊಂದರ ಹೊರಬದಿಗೆ ಮಾಮೂಲಿ ಗಾಳಿ. ಹೈಡ್ರೋಜನ್ ಹಾಳೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಒಳಹೊಕ್ಕು, ದ್ರಾವಣ ಸಿಕ್ಕ ಕಡೆ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಾಗುತ್ತದೆ. ಆ ಎಲೆಕ್ಟ್ರಾನುಗಳಿಗೆ ದ್ರಾವಣದೊಳಗೆ ದಾರಿಯಿಲ್ಲ. ಹೊರಗಿನ ತಂತಿಯಲ್ಲಿ ಸುತ್ತಿಕೊಂಡು ಆಚೆಯ ಹಾಳೆಗೆ ಹೋಗಬೇಕು. ಅಲ್ಲಿ ಗಾಳಿಯಲ್ಲಿರುವ ಆಮ್ಲಜನಕ ಅವನ್ನು ತೆಗೆದುಕೊಂಡು, ನೀರಿನೊಂದಿಗೆ ಸೇರಿ ಹೈಡ್ರಾಕ್ಸೈಡ್ ಅಯಾನುಗಳಾಗುತ್ತದೆ. ಆ ಅಯಾನುಗಳು ದ್ರಾವಣದ ಮೂಲಕ ಹೈಡ್ರೋಜನ್ ಇರುವ ಕಡೆಗೆ ಬರುತ್ತವೆ. ಎಲೆಕ್ಟ್ರಾನುಗಳು ಹೋಗುವ ತಂತಿಯ ನಡುವೆ ಒಂದು ಬಲ್ಬು ಇಟ್ಟರೆ ಬೆಳಗುತ್ತದೆ. ಹೈಡ್ರೋಜನ್ನೂ ಆಮ್ಲಜನಕವೂ ಕೂಡಿ ನೀರಾಗುವುದು ಬೆಂಕಿಯಲ್ಲೂ ನಡೆಯುತ್ತದೆ. ಅಲ್ಲಿ ಸಿಗುವುದೆಲ್ಲ ಶಾಖ. ಇಲ್ಲಿ ಜ್ವಾಲೆಯಿಲ್ಲದೆ, ಅದೇ ಕೂಡುವಿಕೆಯ ಒಳ್ಳೆಯ ಪಾಲು ನೇರವಾಗಿ ವಿದ್ಯುತ್ತಾಗಿ ಸಿಗುತ್ತದೆ. ಒಂದು ಕೋಶದಿಂದ ಬರುವುದು ಒಂದು ವೋಲ್ಟಿಗಿಂತ ಕಡಿಮೆ. ಹಾಗಾಗಿ ಹಲವು ಕೋಶಗಳನ್ನು ಸಾಲಾಗಿ ಜೋಡಿಸಬೇಕು.

ಕಷ್ಟವಿದ್ದದ್ದು ಆ ಕಪ್ಪು ಹಾಳೆಗಳಲ್ಲಿ. ಅವನ್ನು ಮಾಡುವುದು ನನ್ನ ಕೆಲಸ. ಕಾರ್ಬನ್ ಪುಡಿಗೆ, ಕ್ರಿಯೆ ಬೇಗ ನಡೆಯಲೆಂದು ಚಿಟಿಕೆಯಷ್ಟು ಬೆಳ್ಳಿಯನ್ನೋ ಪ್ಲಾಟಿನಮ್ಮನ್ನೋ ಸೇರಿಸಿ, ಹಾಲಿನಂತಿರುವ ಟೆಫ್ಲಾನ್ ದ್ರಾವಣ ಹಾಕಿ ಕಲಸುತ್ತಿದ್ದೆ. ಅದು ಹಿಟ್ಟಿನ ಮುದ್ದೆಯಂತಾದ ಮೇಲೆ ನಿಕ್ಕಲ್ ಜಾಲರಿಯ ಮೇಲಿಟ್ಟು, ಉಕ್ಕಿನ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಓವನ್ನಿನಲ್ಲಿ ಬೇಯಿಸುವುದು. ಟೆಫ್ಲಾನ್ ಹೆಚ್ಚಾದರೆ ದ್ರಾವಣ ಹಾಳೆಯೊಳಕ್ಕೆ ಬರುವುದೇ ಇಲ್ಲ. ಕಡಿಮೆಯಾದರೆ ರಂಧ್ರಗಳೆಲ್ಲ ತೊಯ್ದು ಗ್ಯಾಸಿಗೆ ಜಾಗವೇ ಇರುವುದಿಲ್ಲ. ಗ್ಯಾಸು, ದ್ರಾವಣ, ಕಾರ್ಬನ್ ಮೂರೂ ಒಂದೇ ಜಾಗದಲ್ಲಿ ಮುಟ್ಟಬೇಕು. ಮೊದಲ ಆರು ತಿಂಗಳು ನಾನು ಲಟ್ಟಿಸಿದ್ದರಲ್ಲಿ ಹೆಚ್ಚಿನವು ಕಸಕ್ಕೆ ಹೋದವು. ಮಾಲೀಕರು ಬೈಯುವವರಲ್ಲ. "ಇನ್ನೊಂದು ಮಾಡಮ್ಮ," ಎಂದಷ್ಟೇ ಹೇಳಿ ಚಾರ್ಜರುಗಳ ಕಡೆ ಹೋಗುತ್ತಿದ್ದರು.

ಕೋಶಗಳ ಚೌಕಟ್ಟುಗಳನ್ನು ಅಕ್ರಿಲಿಕ್ ಹಲಗೆಯಲ್ಲಿ ಕೊರೆದುಕೊಡುತ್ತಿದ್ದವನು ಒಬ್ಬ ಫಿಟ್ಟರು, ನಾಗಸಂದ್ರದವನು. ಅವನ ಅಪ್ಪನ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ನಮ್ಮ ಕಾಂಪೌಂಡಿನ ಬೇವಿನ ಮರ ತಮ್ಮ ಬದುವಿನಲ್ಲಿದ್ದದ್ದು ಎಂದು ಒಮ್ಮೆ ತೋರಿಸಿದ್ದ. ಅದರಲ್ಲಿ ಅವನಿಗೆ ದುಃಖವಿತ್ತೋ ಇಲ್ಲವೋ ತಿಳಿಯಲಿಲ್ಲ. ಬೀಡಿ ಸೇದಬೇಕೆಂದಾಗಲೆಲ್ಲ ಗ್ಯಾಸ್ ಶೆಡ್ಡಿನಿಂದ ರಸ್ತೆಯವರೆಗೆ ನಡೆಯಬೇಕಲ್ಲ ಎಂಬುದೇ ಅವನ ದೊಡ್ಡ ದೂರಾಗಿತ್ತು.

ಗಂಡಿನ ಕಡೆಯವರು ಬಂದುಹೋದ ಮುಂದಿನ ವಾರ ಆ ಹುಡುಗ ಕಾರ್ಖಾನೆಗೆ ಬಂದ. ಮಾಲೀಕರ ಕೋಣೆಗೆ ಹೋಗಿ ತನ್ನ ಇಲಾಖೆಯ ಹೆಸರು ಹೇಳಿ, ಸೆಲ್ ನೋಡಬಹುದೇ ಎಂದು ಕೇಳಿದನಂತೆ. ಇಲಾಖೆಯವರು ಎಂದ ಕೂಡಲೇ ಅವರು ಮೀಟರ್ ತಪಾಸಣೆಯೆಂದು ತಿಳಿದು ಗಾಬರಿಯಾದರಂತೆ. ಶೆಡ್ಡಿಗೆ ಕರೆದುಕೊಂಡು ಬಂದಾಗ ನಾನು ಮೊಣಕೈವರೆಗೆ ಕಪ್ಪಾಗಿ ಹಿಟ್ಟು ಕಲಸುತ್ತಿದ್ದೆ. ಆತ ನನಗೆ ನಮಸ್ಕಾರ ಹೇಳಿ ಸೀದಾ ಬೆಂಚಿನ ಹತ್ತಿರ ಹೋದ. ಚೀಲದಿಂದ ತನ್ನದೇ ಮೀಟರು ತೆಗೆದು ತಂತಿಗಳಿಗೆ ಹಿಡಿದ. ಸಾಯಂಕಾಲದವರೆಗೂ ಕೂತಿದ್ದ. ವೋಲ್ಟೇಜು ನಿಧಾನವಾಗಿ ಇಳಿಯುವುದನ್ನು ನಾವು ಮೂವರೂ ನೋಡಿದೆವು.

"ಗ್ಯಾಸ್ ಕಡಿಮೆ ಆಗ್ತಿದೆಯಾ?" ಎಂದು ಆತ ಕೇಳಿದ.

"ಇಲ್ಲ. ಗ್ಯಾಸ್ ಹೊರಗೆ ಹೋಗೋ ಕಡೆ ನೀರಿನಲ್ಲಿ ಬಬಲ್ ಬರ್ತಾ ಇದೆ ನೋಡಿ," ಎಂದರು ಮಾಲೀಕರು.

"ದ್ರಾವಣ ಬಿಸಿ ಆಗಿದೆಯಾ?"

"ಉಗುರುಬೆಚ್ಚಗಿದೆ ಅಷ್ಟೇ," ಎಂದೆ ನಾನು.

ಆಮೇಲೆ ಆತ ರಜೆಯಿದ್ದಾಗಲೆಲ್ಲ ಬರತೊಡಗಿದ. ಮನೆಗೆ ಮಾತ್ರ ಏನೂ ಉತ್ತರ ಬರಲಿಲ್ಲ. ಹುಡುಗ ಪೀಣ್ಯಕ್ಕೆ ಬರುತ್ತಾನೆಂದು ನಾನು ಹೇಳಿದಾಗ ಅಮ್ಮನಿಗೆ ಸಂತೋಷವಾಯಿತು. ಅಪ್ಪನಿಗೆ ಆಗಲಿಲ್ಲ. ನನಗೂ ಏನು ತಿಳಿದುಕೊಳ್ಳಬೇಕೋ ಗೊತ್ತಾಗಲಿಲ್ಲ. ಶೆಡ್ಡಿನಲ್ಲಿ ಆತ ಮಾತಾಡುತ್ತಿದ್ದದ್ದು ವೋಲ್ಟೇಜು, ರಬ್ಬರ್ ಗ್ಯಾಸ್ಕೆಟ್ಟು, ಸೋರಿಕೆ ಇವುಗಳ ಬಗ್ಗೆ. ನಾನು ಬೇರೆ ಸೀರೆ ಉಟ್ಟು ಹೋದ ದಿನವೂ ಅದನ್ನೇ ಮಾತಾಡಿದ.

ಕೋಶ ಯಾಕೆ ಸೊರಗುತ್ತದೆಂದು ಕೊನೆಗೆ ತಿಳಿದದ್ದು ಒಂದು ಮಧ್ಯಾಹ್ನ, ತೊಳೆಯುವಾಗ. ಬಿಚ್ಚಿದ ಹಾಳೆಗಳನ್ನು ನಲ್ಲಿಯ ಕೆಳಗೆ ಹಿಡಿದಿದ್ದೆ. ಗಾಳಿ ಕಡೆಯ ಹಾಳೆಯ ಮೇಲೆ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. ಹಿಂದೆಯೂ ಕಂಡಿದ್ದೆ, ಒಣಗಿದ ಕ್ಷಾರವೆಂದು ಸುಮ್ಮನಾಗಿದ್ದೆ. ಅವತ್ತು ಯಾಕೋ ಅದರ ಚೂರನ್ನು ಕೆರೆದು ವಾಚ್ ಗ್ಲಾಸಿನಲ್ಲಿಟ್ಟು ಒಂದು ತೊಟ್ಟು ಆಸಿಡ್ ಹಾಕಿದೆ. ಬುಸುಬುಸು ನೊರೆ ಬಂತು. ಕಾರ್ಬೊನೇಟು. ಕಾಲೇಜಿನ ಮೊದಲ ವರ್ಷದ ಪ್ರಾಕ್ಟಿಕಲ್‌ನಲ್ಲಿ ಮಾಡುವ ಪರೀಕ್ಷೆ ಇದು.

ಮಾಲೀಕರನ್ನು ಕರೆದೆ. ಅವರು ನೋಡಿ, ಇನ್ನೊಂದು ತೊಟ್ಟು ತಾವೇ ಹಾಕಿ, ಸ್ಟೂಲಿನ ಮೇಲೆ ಕೂತರು.

"ಗಾಳಿಯಲ್ಲಿರೋ ಕಾರ್ಬನ್ ಡೈ ಆಕ್ಸೈಡು," ಎಂದರು. "ಸ್ವಲ್ಪವೇ ಇರೋದು. ಆದ್ರೆ ನಾವು ದಿನವಿಡೀ ಗಾಳಿ ಊದ್ತಾ ಇದ್ದೀವಲ್ಲ. ಕ್ಷಾರ ಅದನ್ನ ಬಿಡುತ್ತಾ? ರಂಧ್ರ ಎಲ್ಲಾ ಮುಚ್ಚಿಕೊಂಡಿದೆ."

ಕ್ಷಾರದ ಬಾಟಲಿಯ ಬಾಯಿ ತೆರೆದಿಟ್ಟರೆ ಅಂಚಿಗೆ ಬಿಳಿ ಕಟ್ಟುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ವರ್ಷದ ಮೇಲಾದರೂ ಇಬ್ಬರಿಗೂ ಹೊಳೆದಿರಲಿಲ್ಲ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಎಸೆದ ಹಾಳೆಗಳು ನೆನಪಾದವು.

ಮುಂದಿನ ಸಲ ಆ ಹುಡುಗ ಬಂದಾಗ ನಾವು ಗಾಳಿಯನ್ನು ಮೊದಲು ಕ್ಷಾರದ ನೀರು ತುಂಬಿದ ಎರಡು ಬಾಟಲಿಗಳಲ್ಲಿ ಹಾಯಿಸಿ, ಆಮೇಲೆ ಸೋಡಾ ಲೈಮ್ ತುಂಬಿದ ಕೊಳವೆಯಲ್ಲಿ ದಾಟಿಸಿ ಕೋಶಕ್ಕೆ ಬಿಡುತ್ತಿದ್ದೆವು. ಕಾರ್ಬನ್ ಡೈ ಆಕ್ಸೈಡು ಅಲ್ಲೇ ಉಳಿದುಹೋಗುತ್ತಿತ್ತು. ಆತ ಮೀಟರು ಹಿಡಿದು ನೋಡಿದ. ಮುಳ್ಳು ಬೆಳಿಗ್ಗೆ ನಿಂತ ಕಡೆಯೇ ಮಧ್ಯಾಹ್ನವೂ ನಿಂತಿತ್ತು. ಆತ ಮೀಟರನ್ನು ಬೆಂಚಿನ ಮೇಲಿಟ್ಟು ನನ್ನ ಮುಖ ನೋಡಿದ. ಅಷ್ಟು ತಿಂಗಳಲ್ಲಿ ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು ಎಂದು ನನಗನಿಸಿತು.

ಆ ವಾರ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. "ಹೂಂ ಅಂತಾರೋ ಉಹೂಂ ಅಂತಾರೋ ಕೇಳು. ಇಲ್ದಿದ್ರೆ ನಾನೇ ತುಮಕೂರಿಗೆ ಹೋಗ್ತೀನಿ." ಮಾಲೀಕರು ಊಟಕ್ಕೆ ಹೋದ ಹೊತ್ತು ನೋಡಿ ನಾನು ಕೇಳಿದೆ.

"ನಮ್ಮನೇಲಿ ಕಾಯ್ತಾ ಇದ್ದಾರೆ. ನಿಮ್ಮದು ಏನು ನಿರ್ಧಾರ?"

ಆತ ಗ್ಯಾಸ್ ಕೊಳವೆಯ ಕ್ಲಿಪ್ಪನ್ನು ಬಿಗಿ ಮಾಡುತ್ತಿದ್ದ. ಮಾಡಿ ಮುಗಿಸಿದ.

"ನನಗೆ ಈಗ ಮದುವೆ ಬೇಡ ಅನ್ಸುತ್ತೆ," ಎಂದ. "ನಿಮ್ಮ ಬಗ್ಗೆ ಏನೂ ಇಲ್ಲ. ಅಪ್ಪನಿಗೆ ಹೇಳೋಕೆ ಧೈರ್ಯ ಸಾಲ್ತಿಲ್ಲ. ಬೇಡ ಅಂದ್ರೆ ಇಲ್ಲಿಗೆ ಬರೋಕೂ ಆಗಲ್ವಲ್ಲ ಅಂತ ತಳ್ಳಿಕೊಂಡು ಬಂದೆ."

"ಸೆಲ್ ನೋಡೋಕೆ ಬರ್ತಿದ್ರಿ."

"ಹೌದು. ತಪ್ಪೇ."

ನನಗೆ ದುಃಖವೆನ್ನುವಂಥದ್ದು ಆಗಲಿಲ್ಲ. ಮುಖ ಮಾತ್ರ ಬಿಸಿಯಾಯಿತು. ಕೈ ತೊಳೆಯುವ ನೆವದಲ್ಲಿ ನಲ್ಲಿಯ ಹತ್ತಿರ ಹೋಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಂತೆ. ವಾಪಸು ಬಂದು, "ನಮ್ಮ ಕಡೆಯಿಂದಲೇ ಬೇಡ ಅಂತ ಹೇಳಿಸ್ತೀನಿ," ಎಂದೆ. ಒಳ್ಳೆಯತನದಿಂದ ಹೇಳಿದ್ದಲ್ಲ ಅದು. ನನ್ನನ್ನು ಬೇಡವೆಂದರು ಅನ್ನುವುದಕ್ಕಿಂತ ನಾನೇ ಬೇಡವೆಂದೆ ಅನ್ನುವುದು ನನಗೆ ವಾಸಿಯೆನಿಸಿತ್ತು. ಅಪ್ಪ ಏನೂ ಕೇಳದೆ ತುಮಕೂರಿಗೆ ಸುದ್ದಿ ಕಳಿಸಿದರು. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅದಾದ ಮೇಲೂ ಆತ ಶೆಡ್ಡಿಗೆ ಬರುತ್ತಿದ್ದ. ಮೊದಲೆರಡು ಸಲ ಇಬ್ಬರಿಗೂ ಮುಜುಗರವಾಯಿತು. ಆಮೇಲೆ ಹದಿನೆಂಟು ಕೋಶಗಳನ್ನು ಜೋಡಿಸುವ ಕೆಲಸ ಶುರುವಾಗಿ, ಮುಜುಗರಕ್ಕೆ ಪುರುಸೊತ್ತಿರಲಿಲ್ಲ. ಹನ್ನೆರಡು ವೋಲ್ಟು ಬರಬೇಕು, ಬಸ್ಸಿನ ಡ್ರೈವರುಗಳು ಸ್ಟಿಯರಿಂಗ್ ಹತ್ತಿರ ಹಾಕಿಕೊಳ್ಳುವ ಪುಟ್ಟ ಫ್ಯಾನು ತಿರುಗಬೇಕು, ಇದು ಮಾಲೀಕರ ಗುರಿ. ಚೌಕಟ್ಟುಗಳು ಸೋರಿದವು. ಫಿಟ್ಟರು ಗ್ಯಾಸ್ಕೆಟ್ಟುಗಳನ್ನು ಮತ್ತೆ ಮತ್ತೆ ಕತ್ತರಿಸಿದ.

ಎಲ್ಲ ಸರಿಹೋದದ್ದು ಒಂದು ಬೇಸಿಗೆಯ ದಿನ. ಊಟದ ಹೊತ್ತಿಗೆ ಕರೆಂಟು ಹೋಗಿತ್ತು. ಮಾಲೀಕರು ಫ್ಯಾನಿನ ತಂತಿಗಳನ್ನು ಕೋಶಗಳ ಸಾಲಿಗೆ ಸಿಕ್ಕಿಸಿದರು. ರೆಕ್ಕೆ ಒಂದು ಸಲ ಅಳ್ಳಾಡಿ, ಆಮೇಲೆ ತಿರುಗತೊಡಗಿತು. ಬೇರೆ ಸದ್ದೇ ಇರಲಿಲ್ಲ. ಅಕ್ಕಪಕ್ಕದ ಕಾರ್ಖಾನೆಗಳೂ ನಿಂತಿದ್ದರಿಂದ ಆ ಪುಟ್ಟ ಫ್ಯಾನಿನ ಸದ್ದು ಶೆಡ್ಡಿನ ಹೊರಗೂ ಕೇಳುತ್ತಿತ್ತು. ಮರದ ಕೆಳಗಿದ್ದವರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು.

"ಬೆಂಕಿ ಇಲ್ಲ, ವೊಗೆ ಇಲ್ಲ. ಇದೆಂಗ್ ತಿರುಗ್ತದೆ ಮೇಡಮ್ಮ?" ಎಂದ ಫಿಟ್ಟರು, ಎಲ್ಲ ಚೌಕಟ್ಟುಗಳನ್ನೂ ತಾನೇ ಕೊರೆದಿದ್ದರೂ.

ಅದೇ ಹೊತ್ತಿಗೆ ಗೇಟಿನಲ್ಲಿ ಹೆಡ್‌ಮಾಸ್ಟರು ಕಾಣಿಸಿದರು. ಮಗ ರಜೆಯಲ್ಲಿ ಊರಿಗೆ ಬರುವುದನ್ನೇ ಬಿಟ್ಟಿದ್ದ. ಅವನ ರೂಮಿನಲ್ಲಿ ವಿಚಾರಿಸಿ ಇಲ್ಲಿಗೆ ಬಂದಿದ್ದರು. ಬಿಸಿಲಿನಲ್ಲಿ ನಡೆದು ಬಂದು ಅಂಗಿಯೆಲ್ಲ ಒದ್ದೆಯಾಗಿತ್ತು. ಮಾಲೀಕರು ಅವರನ್ನು ಕರೆದು ಫ್ಯಾನಿನ ಎದುರಿನ ಕುರ್ಚಿಯಲ್ಲಿ ಕೂರಿಸಿ ನೀರು ತರಿಸಿದರು. ಮಗ ತಂದೆಯನ್ನು ಕಂಡವನೇ ಬೆಂಚಿನ ಆ ತುದಿಗೆ ಹೋಗಿ ನಿಂತ.

ಹೆಡ್‌ಮಾಸ್ಟರು ನೀರು ಕುಡಿದು ಫ್ಯಾನನ್ನು, ಅದರ ತಂತಿಗಳನ್ನು, ಕೋಶಗಳ ಸಾಲನ್ನು ನೋಡಿದರು.

"ಈ ಗ್ಯಾಸ್ ಎಲ್ಲಿಂದ ತರ್ತೀರಿ?" ಎಂದು ಕೇಳಿದರು.

"ಸಿಲಿಂಡರಿನಲ್ಲಿ ಬರುತ್ತೆ," ಎಂದರು ಮಾಲೀಕರು.

"ಅವರು ಹೇಗೆ ಮಾಡ್ತಾರೆ?"

"ನೀರಿಗೆ ಕರೆಂಟ್ ಹಾಯಿಸಿ, ಒಡೆದು."

"ಅಂದ್ರೆ ಕರೆಂಟ್ ಕೊಟ್ಟು ಗ್ಯಾಸ್ ಮಾಡ್ತಾರೆ, ನೀವು ಗ್ಯಾಸ್ ಕೊಟ್ಟು ಕರೆಂಟ್ ಮಾಡ್ತೀರಿ. ಮಧ್ಯೆ ಎಷ್ಟೋ ಕಳೆದುಹೋಗುತ್ತಲ್ಲ?"

"ಕಳೆದುಹೋಗುತ್ತೆ," ಎಂದು ಮಾಲೀಕರು ಒಪ್ಪಿಕೊಂಡರು. "ಆದ್ರೆ ಕಾಸ್ಟಿಕ್ ಸೋಡಾ ಮಾಡೋ ಕಾರ್ಖಾನೆಗಳಲ್ಲಿ ಹೈಡ್ರೋಜನ್ ತಾನಾಗೇ ಹುಟ್ಟುತ್ತೆ. ಬೇಡವಾದಾಗ ಗಾಳಿಗೆ ಬಿಟ್ಟುಬಿಡ್ತಾರೆ. ಅಂಥ ಕಡೆ ಇದು ಉಪಯೋಗಕ್ಕೆ ಬರುತ್ತೆ. ಇನ್ನು ಕರೆಂಟನ್ನ ಹಾಗೇ ಕೂಡಿಡೋಕೆ ಆಗಲ್ಲ, ಗ್ಯಾಸನ್ನ ಇಡಬಹುದು."

ಹೆಡ್‌ಮಾಸ್ಟರು ತಲೆಯಾಡಿಸಿದರು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಕೆಲಸದವರು ಚದುರಿದ ಮೇಲೆ ನನ್ನ ಕಡೆ ನೋಡಿದರು.

"ನಮ್ಮ ಹುಡುಗ ನಿನಗೆ ಯಾಕೆ ಹಿಡಿಸಲಿಲ್ಲಮ್ಮ? ಕೇಳಬಾರದು, ಆದ್ರೂ ಕೇಳ್ತೀನಿ. ಇಲ್ಲಿ ನೋಡಿದ್ರೆ ಇಬ್ಬರೂ ಒಟ್ಟಿಗೇ ಕೆಲಸ ಮಾಡ್ತಿದ್ದೀರಿ."

ನಾನು ಏನೋ ಒಂದು ಹೇಳಲು ಬಾಯಿ ತೆರೆದೆ. ಜಾತಕವೆಂದೋ, ಇನ್ನೂ ಓದಬೇಕೆಂದೋ ಹೇಳುವವಳಿದ್ದೆ.

"ಅವರಲ್ಲಪ್ಪ," ಎಂದ ಮಗ, ಬೆಂಚಿನ ಆ ತುದಿಯಿಂದ. "ಬೇಡ ಅಂದಿದ್ದು ನಾನು. ಅವರ ಕಡೆಯಿಂದ ಹೇಳಿಸಿದ್ವಿ ಅಷ್ಟೇ."

ಹೆಡ್‌ಮಾಸ್ಟರು ಮಗನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟರು. ಮಾಲೀಕರು ಇದ್ದಕ್ಕಿದ್ದಂತೆ ಚಾರ್ಜರಿನ ನೆನಪು ಬಂದವರಂತೆ ಎದ್ದು ಹೊರಗೆ ಹೋದರು.

"ನಿಮ್ಮ ತಂದೆಗೆ ಒಂದು ಮಾತು ಹೇಳಬೇಕು," ಎಂದು ಹೆಡ್‌ಮಾಸ್ಟರು ನನಗೆ ಹೇಳಿದರು. "ನಾನು ಅವರ ಬಗ್ಗೆ ಊರಿನಲ್ಲಿ ಎರಡು ಮಾತು ಆಡಿದ್ದೀನಿ. ಆಡಬಾರದಿತ್ತು." ಆಮೇಲೆ ಎದ್ದು ಮಗನಿಗೆ, "ಬಾ, ಊಟ ಮಾಡಿದೀಯೋ ಇಲ್ವೋ," ಎಂದರು. ಇಬ್ಬರೂ ಗೇಟಿನ ಕಡೆ ನಡೆದುಹೋದರು. ಹೆಡ್‌ಮಾಸ್ಟರು ಅದೇ ಸಂಜೆ ದಾಸರಹಳ್ಳಿಯ ನಮ್ಮ ಮನೆಗೆ ಹೋಗಿ ಅಪ್ಪನನ್ನು ಕಂಡು ಹೋದರೆಂದು ನಾನು ಮನೆಗೆ ಬಂದಾಗ ತಿಳಿಯಿತು.

ಅದಾದ ಮೇಲೆ ಆ ಹುಡುಗ ಬಂದದ್ದು ಕಡಿಮೆ. ಮಳೆಗಾಲ ಶುರುವಾಗುವ ಹೊತ್ತಿಗೆ ದಾವಣಗೆರೆಯ ಕಡೆಗೆ ವರ್ಗವಾಯಿತು. ಹೇಳಿ ಹೋಗಲು ಬಂದಾಗ ತನ್ನ ಮೀಟರನ್ನು ಶೆಡ್ಡಿನಲ್ಲೇ ಬಿಟ್ಟುಹೋದ. ಮರೆತು ಬಿಟ್ಟನೋ ಬೇಕೆಂದು ಬಿಟ್ಟನೋ ನಾವು ವಿಚಾರಿಸಲಿಲ್ಲ, ಉಪಯೋಗಿಸಿದೆವು.

ಮಾಲೀಕರು ಎರಡು ಕಾಸ್ಟಿಕ್ ಸೋಡಾ ಕಾರ್ಖಾನೆಗಳಿಗೆ ಹೋಗಿ ಬಂದರು. ಒಬ್ಬರು ಚಹಾ ಕೊಟ್ಟು ಕಳಿಸಿದರಂತೆ. ಇನ್ನೊಬ್ಬರು, ತಮ್ಮ ಕಾರ್ಖಾನೆ ನಡೆಸುವುದಕ್ಕೆ ಇದು ಎಷ್ಟು ಕರೆಂಟು ಕೊಡುತ್ತದೆಂದು ಕೇಳಿದರಂತೆ. ಒಂದು ಪುಟ್ಟ ಫ್ಯಾನು ತಿರುಗಿಸುವಷ್ಟು ಎಂದು ಹೇಳಲು ತಮಗೆ ಬಾಯಿ ಬರಲಿಲ್ಲ ಎಂದು ಅವರು ನಮ್ಮ ಮುಂದೆ ಹೇಳಿಕೊಂಡರು. ಹಾಳೆಗಳು ಕೆಲವು ತಿಂಗಳಲ್ಲಿ ತೊಯ್ದು ಕೆಡುತ್ತಿದ್ದವು. ಪ್ಲಾಟಿನಂ ದುಬಾರಿ. ಆ ವರ್ಷ ಮಳೆ ಚೆನ್ನಾಗಿ ಆಗಿ ಕರೆಂಟಿನ ಕಾಟವೂ ತಗ್ಗಿತು. ಚಾರ್ಜರುಗಳಿಗೆ ಬೇಡಿಕೆ ಬಂದು, ಶೆಡ್ಡು ಅದಕ್ಕೇ ಬೇಕಾಯಿತು.

ಕೋಶಗಳನ್ನು ಬಿಚ್ಚಿದವರು ನಾನೂ ಫಿಟ್ಟರೂ. ಕ್ಷಾರವನ್ನು ನೀರು ಬೆರೆಸಿ ತೆಳುಮಾಡಿ ಗುಂಡಿಗೆ ಸುರಿದೆವು. ಹಾಳೆಗಳಲ್ಲಿದ್ದ ಬೆಳ್ಳಿ ಮತ್ತು ಪ್ಲಾಟಿನಮ್ಮನ್ನು ಮತ್ತೆ ತೆಗೆಯಬಹುದೆಂದು ಮಾಲೀಕರು ಅವನ್ನು ಡಬ್ಬಿಯಲ್ಲಿ ಕಟ್ಟಿಸಿಟ್ಟರು. ತೆಗೆದರೋ ಇಲ್ಲವೋ ನನಗೆ ತಿಳಿಯದು. ಅಕ್ರಿಲಿಕ್ ಚೌಕಟ್ಟುಗಳನ್ನು ಫಿಟ್ಟರು ಕೇಳಿ ತೆಗೆದುಕೊಂಡ, ಮನೆಯ ಕಿಟಕಿಗೆ ಹಾಕಲು. ತೂತುಗಳಿವೆಯಲ್ಲ ಎಂದೆ. "ಮೇಣ ಮೆತ್ತಿದ್ರೆ ಆಯ್ತದೆ," ಎಂದ.

ನಾನು ಮುಂದಿನ ಜೂನಿನಲ್ಲಿ ಒಂದು ಮಹಿಳಾ ಕಾಲೇಜಿಗೆ ಡೆಮಾನ್‌ಸ್ಟ್ರೇಟರಾಗಿ ಸೇರಿದೆ. ಇನ್ನೆರಡು ವರ್ಷಕ್ಕೆ ನನ್ನ ಮದುವೆಯಾಯಿತು, ಬ್ಯಾಂಕಿನಲ್ಲಿದ್ದ ಒಬ್ಬರೊಂದಿಗೆ. ನನ್ನನ್ನು ನೋಡಲು ಬಂದ ದಿನ ಅವರ ಕಡೆಯವರೂ ಏನು ಕೆಲಸವೆಂದು ಕೇಳಿದರು. ಹುಡುಗಿಯರಿಗೆ ಪ್ರಾಕ್ಟಿಕಲ್ ಮಾಡಿಸುತ್ತೇನೆ ಎಂದೆ. ಅವರಿಗೆ ಕೂಡಲೇ ಅರ್ಥವಾಯಿತು.